ಜಾವಳಕ್ಕೆ ಸೋದರಮಾವ

ನೇಸರಗಿ, ತಾ. ಬೈಲಹೊಂಗಲ
೧೧ ಮಾರ್ಚ್ ೨೦೨೬, ಬುಧವಾರ

ಚಿ. ಸೌ. ಮಾಲಾಳಿಗೆ ನೇಸರಗಿಯಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದ.

ಈ ಪತ್ರವನ್ನು ನೀನೊಬ್ಬಳೇ ಓದಿ ಮಡಚಿಡುವಂತಿಲ್ಲ. ನಿಮ್ಮ ಪುಣೆಯ ಹಾಕಿ ಕ್ಲಬ್ಬಿನ ಗಂಡಸರ ತಂಡದ ಗೋಲ್‌ಕೀಪರ್ ಗುರುಸೇವಕ ಸಿಂಗನನ್ನು ಎದುರಿಗೆ ಕೂರಿಸಿಕೊಂಡು ಸಾಲು ಸಾಲಾಗಿ ಹಿಂದಿಯಲ್ಲಿ ಹೇಳಬೇಕು. ಆದ್ದರಿಂದ ಬರೆಯುವವಳು ಯಾರೆಂಬುದನ್ನು ಮೊದಲು ಬರೆಯುತ್ತೇನೆ. ನಾನು ರಾಚವ್ವ ವೀರಪ್ಪ ದೇಗಾವಿ. ಈ ಮನೆತನಕ್ಕೆ ಹಿರಿಯ ಸೊಸೆಯಾಗಿ ಬಂದವಳು, ಈಗ ಇದೇ ಮನೆತನಕ್ಕೆ ಹಿರಿಯಳು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿದ್ದೇನೆ. ಆ ಕಾಲಕ್ಕೆ ನಮ್ಮ ಬಳಗದಲ್ಲಿ ಅಷ್ಟು ಓದಿದ ಹೆಣ್ಣು ನಾನೊಬ್ಬಳೇ. ಲಗ್ನ, ಕುಬಸ, ಜಾವಳ, ಯಾವುದೇ ಇರಲಿ, ನಮ್ಮ ಓಣಿಯವರು ದಿನ ಹಿಡಿಯುವ ಮೊದಲು ನಮ್ಮ ಪಡಸಾಲೆಗೆ ಬಂದು ಕೇಳಿ ಹೋಗುತ್ತಾರೆ. ನಾನು ಒಮ್ಮೆ ಆಡಿದ ಮಾತನ್ನು ತಿರುಗಿ ತೆಗೆದುಕೊಂಡದ್ದನ್ನು ಈ ಊರು ಕಂಡಿಲ್ಲ. ಜಂಬಕ್ಕೆ ಬರೆಯುತ್ತಿಲ್ಲ, ಮುಂದಿನ ಮಾತಿಗೆ ಇದು ಬೇಕು. ನಾಚಿಕೆ ಪಟ್ಟು ಅರ್ಧ ಬಿಟ್ಟು ಓದಬೇಡ.

ನಿನ್ನ ಮೊಣಕಾಲು ಹೇಗಿದೆ? ಹೋದ ವಾರ ಟಿ.ವಿ.ಯಲ್ಲಿ ನಿಮ್ಮ ಪಂದ್ಯ ನೋಡಿದೆವು. ನೀನು ಬಿದ್ದು ಎದ್ದ ಮೇಲೆ ಬಲಗಾಲು ಎಳೆದು ನಡೆಯುತ್ತಿದ್ದೆ. ನಿನ್ನ ಗಂಡ, "ಏನೂ ಆಗಿಲ್ಲಬೇ, ಅದು ಆಟದಾಗ ಇರೂದ" ಎಂದು ನನ್ನನ್ನು ಸಮಾಧಾನ ಮಾಡಲು ನೋಡಿದ. ಎತ್ತು ಸಾಕಿದ ಮನೆಯಲ್ಲಿ ಬಾಳಿದವಳಿಗೆ ಕಾಲು ಎಳೆಯುವುದು ಕಾಣದೆ ಇರುತ್ತದೆಯೇ? ನಾನು ಕಳಿಸಿದ ಔಡಲೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಡಾಕ್ಟರ ಕೊಟ್ಟ ಮಲಾಮನ್ನೂ ಹಚ್ಚಿಕೋ, ಎರಡಕ್ಕೂ ಜಗಳವಿಲ್ಲ. ಶೀತಲ ಆರಾಮ ಇದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ, ಕೈ ಬಿಟ್ಟು ನಿಂತು ಎಲ್ಲರೂ ನೋಡಿದರೇ ಎಂದು ಸುತ್ತ ನೋಡಿ ಕೂತುಬಿಡುತ್ತಾಳೆ. ನೀನು ಬಿಟ್ಟು ಹೋದ ಹಳೆಯ ಸ್ಟಿಕ್ಕನ್ನು ಪಡಸಾಲೆಯ ತುಂಬ ಎಳೆದಾಡುತ್ತಾಳೆ. ಮೊನ್ನೆ ಅದು ದೊಡ್ಡ ಸೊಸೆ ಅನ್ನಪೂರ್ಣಾಳ ಕಾಲಿಗೆ ಬಡಿಯಿತು. "ಅತ್ತಿ, ಈ ಫೌಜದಾರನ ಕೈಯಾಗಿನ ಲಾಠಿ ಮೊದಲ ಕಸ್ಕೊರಿ" ಎಂದಳು. ಕಸಿದುಕೊಂಡರೆ ಓಣಿಯೆಲ್ಲ ಕೇಳುವಂತೆ ಅಳುತ್ತದೆ, ಮತ್ತೆ ಅನ್ನಪೂರ್ಣಾಳೇ ತಂದು ಕೊಡುತ್ತಾಳೆ. ನೀನು ಫೋನಿನಲ್ಲಿ ಕಂಡಾಗ ಪರದೆಗೆ ಬಾಯಿ ಹಚ್ಚುತ್ತಾಳಲ್ಲ, ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಅದನ್ನೇ ತಿರುವಿ ತಿರುವಿ ಹಿಂದೆ ಯಾರಿದ್ದಾರೆಂದು ನೋಡುತ್ತಾಳೆ. ಇದನ್ನು ನಿನ್ನನ್ನು ಅಳಿಸಲು ಬರೆದಿಲ್ಲ. ಕೂಸಿಗೆ ತಾಯಿ ಮರೆತಿಲ್ಲ ಎಂದು ನಿನಗೆ ತಿಳಿದಿರಲಿ ಎಂದು ಬರೆದೆ.

ಫೋನಿರುವಾಗ ಪತ್ರ ಏಕೆ ಎನ್ನುತ್ತೀಯೇನೋ. ಫೋನು ಸ್ಪೀಕರಿನಲ್ಲಿ ಇಟ್ಟುಕೊಂಡು ಮಾತನಾಡುವ ಮನೆ ನಮ್ಮದು. ನಾನು ಒಂದು ಕೇಳುವುದರೊಳಗೆ ನಾಲ್ಕು ಜನ ನಡುವೆ ಬಾಯಿ ಹಾಕುತ್ತಾರೆ. ನೀನೋ ಎಲ್ಲದಕ್ಕೂ "ಹೂಂರಿ ಅತ್ತಿ" ಎಂದು ಮುಗಿಸುತ್ತೀ. ಈ ಎರಡು ವಾರ ನಿನ್ನ ಹೂಂ ಒಳಗೆ ಏನಿತ್ತು ಎಂಬುದು ಈಗ ನನಗೆ ತಿಳಿದಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳಬೇಕು, ಗುರುಸೇವಕನಿಗೂ ತಿಳಿಯಲಿ. ಕಿತ್ತೂರಿನ ಸಾಲೆಯಲ್ಲಿ ಆಟದ ಮಾಸ್ತರನಾಗಿರುವ ನನ್ನ ಕಿರಿಯ ಮಗ ಅಪ್ಪು ನಿನ್ನನ್ನು ಮಾಡಿಕೊಳ್ಳುತ್ತೇನೆ ಎಂದಾಗ ನಾನು ಒಲ್ಲೆ ಎಂದಿದ್ದೆ. ನಿನ್ನ ಅಪ್ಪ ಶಟ್ಟೆಪ್ಪ ಇಲ್ಲ, ಅವ್ವ ರಾಯವ್ವ ಇಲ್ಲ, ಬೆನ್ನಿಗೆ ಅಣ್ಣತಮ್ಮಂದಿರಿಲ್ಲ. ಇದ್ದ ಒಬ್ಬ ಕಾಕಾ ಅಂದಾನೆಪ್ಪ, ರಾಮದುರ್ಗದಿಂದ ನಿನ್ನನ್ನು ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಬಿಟ್ಟು ಹೋದವನು ತಿರುಗಿ ನೋಡಿದವನಲ್ಲ. ತವರಿಲ್ಲದ ಹೆಣ್ಣನ್ನು ತಂದರೆ ನಾಳೆ ಒಂದು ಕಾರ್ಯ ಎಂದರೆ ಯಾರು ಬಂದು ನಿಲ್ಲುತ್ತಾರೆ ಎಂದೆ. ಆ ಮಾತು ಅಂದಿಗೆ ಸರಿಯೇ ಇತ್ತು, ಅದಕ್ಕೆ ಈಗ ಮರುಗುವವಳಲ್ಲ ನಾನು. ಆಮೇಲೆ ಒಪ್ಪಿದವಳೂ ನಾನೇ. ನೀನು ಬಂದ ಹೊಸದರಲ್ಲಿ ಒಂದು ದಿನ, ಸುಗ್ಗಿಗೆಂದು ಸಗಣಿ ಸಾರಿಸಿ ಇಟ್ಟ ಕಣದಲ್ಲಿ ಬೂಟು ಹಾಕಿಕೊಂಡು ಚೆಂಡು ಹೊಡೆಯುತ್ತಿದ್ದೆ. "ಕಣದಾಗ ಮೆಟ್ಟ ಮೆಟಗೊಂಡ ಬರತಾರೇನ? ಅದು ಅನ್ನದ ಜಾಗಾ" ಎಂದು ದೂರದಿಂದಲೇ ಕೂಗಿದೆ. ನೀನು ಹೆದರಿ ಓಡುತ್ತೀ ಎಂದುಕೊಂಡಿದ್ದೆ. ನೀನು ಬೂಟು ಬಿಚ್ಚಿ ಅಂಚಿಗೆ ಜೋಡಿಸಿಟ್ಟು, ಕಣಕ್ಕೆ ಕೈ ಮುಟ್ಟಿಸಿ ಹಣೆಗೆ ಹಚ್ಚಿಕೊಂಡು, ಬರಿಗಾಲಲ್ಲಿ ಮತ್ತೆ ಹೊಡೆಯತೊಡಗಿದೆ. ಮನೆಯ ರೀತಿಯನ್ನೂ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. ಈ ಹುಡುಗಿ ನಮ್ಮಲ್ಲಿ ನಿಲ್ಲುತ್ತಾಳೆ ಎಂದು ಆವತ್ತೇ ಅಂದುಕೊಂಡೆ. ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಬರೆದಿದ್ದೇನೆ.

ನೀನು ಬಸುರಿಯಾದಾಗ, ಕ್ಲಬ್ಬಿನವರು ನಿನ್ನ ಹೆಸರು ತೆಗೆದುಹಾಕುತ್ತಾರೆ, ಅಲ್ಲಿಗೆ ಈ ಆಟದ ಗದ್ದಲ ಮುಗಿಯುತ್ತದೆ ಎಂದು ಇಡೀ ಬಳಗ ತಿಳಿದಿತ್ತು. ಹೆಂಗಸರ ತಂಡದ ಮ್ಯಾನೇಜರಬಾಯಿ ಸ್ವತಃ ಫೋನು ಮಾಡಿ, ಅಪ್ಪು ನಡುವೆ ನಿಂತು ಕನ್ನಡದಲ್ಲಿ ತಿಳಿಸಿದಂತೆ, "ನಿಮ್ಮ ಸೊಸೆಯ ಅಂಗಿಯನ್ನು ಯಾರಿಗೂ ಕೊಟ್ಟಿಲ್ಲ, ಅವಳ ಗೂಟಕ್ಕೇ ತೂಗುಹಾಕಿದ್ದೇವೆ, ಹೆತ್ತು ಬಾಣಂತನ ಮುಗಿಸಿಕೊಂಡು ಬರಲಿ" ಎಂದರು. ಪಗಾರ ಕೊಟ್ಟದ್ದಕ್ಕಿಂತ ಆ ಗೂಟದ ಮಾತು ನನಗೆ ದೊಡ್ಡದಾಗಿ ಕಂಡಿತು. ಮನೆಯಲ್ಲಿ ಹೆಣ್ಣುಮಕ್ಕಳು ಹೊರಗೆ ಹೋದರೆ ಅವರ ತಾಟನ್ನು ಬೇರೆಯವರಿಗೆ ಬಡಿಸಲು ಬಳಸದೆ ತೆಗೆದಿಡುವವರು ತವರಿನವರು ಮಾತ್ರ.

ಆಮೇಲೆ ಕುಬಸ. ಬಸುರಿಗೆ ತವರಿನವರು ಹಸಿರು ಸೀರೆ, ಕುಬಸ, ಬುತ್ತಿ ತರಬೇಕಾದ ದಿನ. ಮುರಗೋಡಕ್ಕೆ ಕೊಟ್ಟ ನನ್ನ ನಾದಿನಿ ಬಾಯವ್ವನ ಬಾಯಿ ನಿನಗೆ ಗೊತ್ತು. ಬೆಳಗಿನಿಂದ ಮೂರು ಸಲ ಅಗಸಿಯ ಕಡೆ ನೋಡಿ, "ವೈನಿ, ಬೀಗರು ಇನ್ನೂ ರಾಮದುರ್ಗ ಬಿಟ್ಟಿಲ್ಲೇನ್ರಿ?" ಎಂದು ಎಲ್ಲರೆದುರು ಕೇಳಿದಳು. ನಾನು ಸೀರೆ ತಂದು ಒಳಗೆ ಇಟ್ಟುಕೊಂಡಿದ್ದೆ, ಯಾರ ಕೈಯಿಂದಾದರೂ ಕೊಡಿಸಿದರಾಯಿತು ಎಂದು. ಅಷ್ಟರಲ್ಲಿ ನಿಮ್ಮ ಕ್ಲಬ್ಬಿನ ಬಸ್ಸು ಬಂದು ನಿಂತಿತು. ಹುಡುಗಿಯರೂ ಹುಡುಗರೂ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಇಳಿದದ್ದೇ ಇಳಿದದ್ದು. ಬಾಯವ್ವ ಬಾಗಿಲಲ್ಲೇ ನಿಂತು, "ಯವ್ವಾ, ತವರಮನಿ ಬಂತೋ ದಂಡ ಬಂತೋ?" ಎಂದಳು. ಎಲ್ಲರ ಮುಂದೆ ಕೆಂಪು ಗಡ್ಡದ, ಬಾಗಿಲಿಗೆ ಬಗ್ಗಿ ಬರಬೇಕಾದಷ್ಟು ಎತ್ತರದ ಗುರುಸೇವಕ, ಎರಡೂ ಕೈಯಲ್ಲಿ ತಾಟು ಹಿಡಿದುಕೊಂಡು. ತಾಟಿನಲ್ಲಿ ಹಸಿರು ಸೀರೆ, ಐದು ಬಗೆಯ ಹಣ್ಣು, ಮೇಲೆ ಒಂದು ಚೆಂಡು. ಚೆಂಡು ಏಕೆಂದು ನಾನು ಕೇಳಲಿಲ್ಲ. ತೆಂಗಿನಕಾಯಿ ಇರಬೇಕಾದ ಜಾಗದಲ್ಲಿ ದುಂಡಗಿನದು ಏನೋ ಇರಬೇಕೆಂದು ಯಾರೋ ಅವರಿಗೆ ಹೇಳಿದ್ದರಂತೆ. ಅದನ್ನೂ ಉಡಿಯಲ್ಲಿ ಹಾಕಿಸಿದೆ. ಆವತ್ತು ಬಾಯವ್ವ ಊಟ ಮುಗಿಯುವವರೆಗೆ ಮಾತಾಡಲಿಲ್ಲ, ಅದೊಂದಕ್ಕೇ ನಿಮ್ಮ ಕ್ಲಬ್ಬಿಗೆ ನಾನು ಋಣಿ.

ಹೋದ ವರ್ಷ ದೀಪಾವಳಿಯಿಂದ ಸಂಕ್ರಮಣದವರೆಗೆ ಕೂಸನ್ನು ಕಟ್ಟಿಕೊಂಡು ನಾನು ಪುಣೆಯಲ್ಲಿ ನಿಮ್ಮ ಜೊತೆ ಇದ್ದೆನಲ್ಲ, ಮೊದಲ ವಾರ ನನಗೆ ಅಲ್ಲಿಯದು ಯಾವುದೂ ಸರಿ ಕಂಡಿರಲಿಲ್ಲ. ಬೆಳೆಯಿಲ್ಲದ ನೆಲಕ್ಕೆ, ಅದೂ ಪ್ಲಾಸ್ಟಿಕ್ಕಿನ ಹುಲ್ಲಿಗೆ, ಆಟಕ್ಕೆ ಮುಂಚೆ ಕಾರಂಜಿಯಂತೆ ನೀರು ಬಿಡುವುದನ್ನು ಕಂಡು ಮಾಲಿಯನ್ನು ನಿಲ್ಲಿಸಿ ಬೈದೆ. ನಮ್ಮಲ್ಲಿ ಮಲಪ್ರಭೆಯ ನೀರಿಗಾಗಿ ಎಷ್ಟು ಕಾದಿದ್ದೇವೆಂದು ಅವನಿಗೇನು ಗೊತ್ತು. ಚೆಂಡು ಜಾರಬೇಕು, ಬಿದ್ದವರ ಚರ್ಮ ಸುಲಿಯಬಾರದು, ಅದಕ್ಕೆ ಎಂದು ನೀನು ಹೇಳಿದ ಮೇಲೆ ಸುಮ್ಮನಾದೆ. ಆದರೆ ಒಂದು ಕಂಡೆ. ಗಂಡಸರಿಗೂ ಹೆಂಗಸರಿಗೂ ಒಂದೇ ನೆಲ, ಒಂದೇ ನೀರು, ಒಂದೇ ಅಡಿಗೆಮನೆ. ಹೆಂಗಸರ ಪಂದ್ಯವಿದ್ದ ದಿನ ಗಂಡಸರು ಹಗ್ಗದಾಚೆ ನಿಂತು ಚೆಂಡು ಎತ್ತಿ ಕೊಡುತ್ತಾರೆ, ಗಂಡಸರದಿದ್ದ ದಿನ ನೀವು. ಯಾರೂ ಅದನ್ನು ಉಪಕಾರ ಎಂದುಕೊಂಡಂತೆ ಕಾಣಲಿಲ್ಲ. ಗುರುಸೇವಕ ನಿಮ್ಮ ಗೋಲು ಕಾಯುವ ಹುಡುಗಿಗೆ ಕಾಲಿಗೆ ಗಾದಿ ಕಟ್ಟುವುದನ್ನು ಕೂತು ಕಲಿಸುತ್ತಿದ್ದ. ಎಲ್ಲಕ್ಕಿಂತ ಬೆಳಗಿನ ಹೊತ್ತು ಮಹಡಿಯ ಮೇಲೆ ಅವನನ್ನು ನೋಡಿದ್ದು ನೆನಪಿದೆ. ಎರೆದುಕೊಂಡ ಕೂದಲನ್ನು ಬಿಸಿಲಿಗೆ ಬಿಟ್ಟಿದ್ದ, ನನ್ನ ಲಗ್ನದ ದಿನಕ್ಕೆ ನನಗಿದ್ದ ಕೂದಲಿಗಿಂತ ಉದ್ದ. ಮುಂಡಾಸಿನ ಬಟ್ಟೆಯ ಒಂದು ತುದಿಯನ್ನು ಕಟಾಂಜನಕ್ಕೆ ಕಟ್ಟಿ ಇನ್ನೊಂದು ತುದಿ ಎಳೆದು ಮಡಿಕೆ ಹಾಕುತ್ತಿದ್ದ. ನಾನು ಹೋಗಿ ಗಂಟು ಬಿಚ್ಚಿ ಆ ತುದಿ ಹಿಡಿದೆ. ನಿನ್ನ ಮಾವನವರು ಇದ್ದಷ್ಟು ದಿನ ಬೆಳಿಗ್ಗೆ ಅವರ ರುಮಾಲಿನ ಇನ್ನೊಂದು ತುದಿ ಹಿಡಿದವಳು ನಾನು. ಎಷ್ಟು ಬಿಗಿಯಾಗಿ ಎಳೆಯಬೇಕೆಂದು ಅವನು ನನಗೆ ಹೇಳಿಕೊಡಬೇಕಾಗಲಿಲ್ಲ. ಅಲ್ಲಿಂದ ದಿನವೂ, "ಮಾತಾಜಿ, ಆಯಿಯೇ" ಎಂದು ಕೆಳಗಿನಿಂದಲೇ ಕರೆಯುತ್ತಿದ್ದ.

ನೀವು ಹುಡುಗಿಯರು ರಾಂಚಿಗೆ ಪಂದ್ಯಕ್ಕೆ ಹೋಗಿದ್ದಾಗ ಕೂಸಿಗೆ ಜ್ವರ ಬಂದದ್ದನ್ನು ನಿನಗೆ ಸಣ್ಣದಾಗಿ ಹೇಳಿದ್ದೆ. ಅದು ಸಣ್ಣದಿರಲಿಲ್ಲ. ಮಧ್ಯಾಹ್ನ ಮೈ ಹಂಚಿನಂತೆ ಕಾದು ಕಣ್ಣು ಮೇಲಾಗಿತ್ತು. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಆಟದ ಬಯಲಿಗೆ ಇಳಿದೆ. ನನಗೆ ಹಿಂದಿ ಬಾಯಿಗೆ ಬರಲಿಲ್ಲ, ಕನ್ನಡವೂ ಬರಲಿಲ್ಲ. ಗೋಲಿನಲ್ಲಿ ನಿಂತಿದ್ದವನು ನನ್ನನ್ನು ನೋಡಿದ. ತಲೆಯ ಮೇಲಿನದನ್ನೂ ಕೈಯ ಮೇಲಿನದನ್ನೂ ಅಲ್ಲೇ ಕಿತ್ತೆಸೆದು, ಕೂಸನ್ನು ಎದೆಗೆ ಹಚ್ಚಿಕೊಂಡು ಗೇಟಿನ ಕಡೆ ಓಡಿದ. ಕಾಲಿಗೆ ಕಟ್ಟಿದ ಗಾದಿ ಬಿಚ್ಚಲಿಕ್ಕೂ ನಿಲ್ಲಲಿಲ್ಲ. ಅದನ್ನು ಕಟ್ಟಿಕೊಂಡೇ ದವಾಖಾನೆಯ ಮೆಟ್ಟಿಲು ಹತ್ತಿದ, ಅದನ್ನು ಕಟ್ಟಿಕೊಂಡೇ ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತ, ಕೂಸಿನ ಕೈ ಬಿಡಲಿಲ್ಲ. ಬಂದ ಬಂದವರು ಅವನ ಕಾಲನ್ನು ನೋಡಿ ನಕ್ಕು ಹೋಗುತ್ತಿದ್ದರು. ನರ್ಸು, ನೀವು ಕೂಸಿನ ತಂದೆಯೇ ಎಂದು ಕೇಳಿದಳು. ಅವನು ತಲೆ ಎತ್ತದೆ, "ಮಾಮಾ" ಎಂದ. ಆ ಒಂದು ಶಬ್ದಕ್ಕೆ ನನಗೆ ಅನುವಾದ ಬೇಕಾಗಲಿಲ್ಲ.

ಈಗ ಜಾವಳದ ಮಾತು. ಹೆಣ್ಣುಕೂಸಿಗೆ ವರ್ಷ ತುಂಬುವುದರೊಳಗೆ ಹುಟ್ಟುಗೂದಲು ತೆಗೆಯಬೇಕು. ಸೋದರಮಾವನ ತೊಡೆಯ ಮೇಲೆ ಕೂಸನ್ನು ಕೂರಿಸಿ, ಮೊದಲ ಎಳೆಯನ್ನು ಅವನೇ ಕತ್ತರಿಸಬೇಕು, ಅದು ಸೋದರತ್ತೆಯ ಸೆರಗಿನಲ್ಲಿ ಬೀಳಬೇಕು. ಉಳಿದದ್ದನ್ನು ಕ್ಷೌರಿಕ ತೆಗೆಯುತ್ತಾನೆ. ಎರೆದ ಮೇಲೆ ಮಾವನೇ ಹೊಸ ಅರಿವೆ ತೊಡಿಸಿ ತಲೆಗೆ ಹೊದಿಸಬೇಕು. ನನಗೆ ಹೆಣ್ಣುಮಕ್ಕಳಿಲ್ಲದ್ದರಿಂದ ನಮ್ಮಲ್ಲಿ ಆ ಸೆರಗು ಬಾಯವ್ವನದು. ಅವಳು ಸಂಕ್ರಮಣಕ್ಕೆ ಬಂದಾಗಲೇ ಶುರು ಮಾಡಿದಳು. "ಸೆರಗೇನೋ ನಾ ಒಡ್ಡತೇನಿ ವೈನಿ, ತೊಡಿ ಯಾರದು? ಬೇಕಂದ್ರ ನನ್ನ ಮಗಾ ಕೂಡತಾನ, ಇಲ್ಲಂದ್ರ ಆ ರಾಮದುರ್ಗದ ಅಂದಾನೆಪ್ಪಗ ಹೇಳಿ ಕಳಸ್ರಿ, ಕಾಕಾನ ಮಗಾ ಯಾವನರ ಇದ್ದಾನು." ನಾನು ಅಲ್ಲೇ ಹೇಳಿದೆ: "ಕೂಸಿಗೆ ಮಾವ ಅದಾನ. ಪುಣೆಯಿಂದ ಬರತಾನ." ಯುಗಾದಿ ಮುಗಿದ ಸೋಮವಾರ ಎಂದು ದಿನ ಹಿಡಿದೆ. ರೀತಿಯಂತೆ ತವರಿಗೆ ಕಳಿಸುವ ಎಲೆ, ಅಡಿಕೆ, ಕಾಯಿ ಕಟ್ಟಿ ಅಪ್ಪುವಿನ ಕೈಯಲ್ಲಿ ಪುಣೆಗೆ ಕಳಿಸಿದೆ. ಗುರುಸೇವಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡನಂತೆ. ಅಪ್ಪು ಅಲ್ಲಿಂದಲೇ ಮುಖ ಕಾಣುವ ಫೋನು ಹಚ್ಚಿಕೊಟ್ಟ. ನಾನು ನನ್ನ ಹಿಂದಿಯಲ್ಲಿ, ಬೆರಳಲ್ಲಿ ಕತ್ತರಿ ಮಾಡಿ ತೋರಿಸಿ, ಕೂಸಿನ ಮೊದಲ ಕೂದಲು ನೀನೇ ತೆಗೆಯಬೇಕು ಎಂದೆ. ಅವನು ಒಂದು ಗಳಿಗೆ ಕೆಳಗೆ ನೋಡಿದ. ಆಮೇಲೆ ನನ್ನ ತೊಡೆಯ ಮೇಲಿದ್ದ ಶೀತಲಳನ್ನು ನೋಡಿ, "ಆಊಂಗಾ, ಮಾತಾಜಿ" ಎಂದ. ಬರುತ್ತೇನೆ ಎಂದನೇ ಹೊರತು ತೆಗೆಯುತ್ತೇನೆ ಎನ್ನಲಿಲ್ಲ. ಅದು ನನ್ನ ಕಿವಿಗೆ ಆಗ ಬೀಳಲಿಲ್ಲ.

ಅಲ್ಲಿಂದ ನಿನ್ನ ಆಟ ಶುರುವಾಯಿತು. ಒಂದು ದಿನ, "ಅತ್ತಿ, ಜಾವಳ ಮುಂದ ಹಾಕೂಣೇನ್ರಿ?" ಎಂದೆ. ಇನ್ನೊಂದು ದಿನ, "ಅಂವಗ ರಜಾ ಸಿಗತೈತೋ ಇಲ್ಲೋರಿ" ಎಂದೆ. ಮತ್ತೊಂದು ದಿನ, ತಂಡದಲ್ಲಿ ಕೊಡಗಿನವನೊಬ್ಬನಿದ್ದಾನೆ, ಅವನು ಕೂತರೆ ನಡೆಯುತ್ತದೆಯೇ ಎಂದು ಕೇಳಿದೆ. ಅಪ್ಪು, ಕೇಳಿದರೆ ಗೋಡೆ ನೋಡುತ್ತಿದ್ದ. ನನಗೆ ಸಿಟ್ಟು ಬಂತು. ಎಲೆ ಅಡಿಕೆ ಹಿಡಿದ ಕೈಯಿಂದ ಅದನ್ನು ತಿರುಗಿ ಇಸಿದುಕೊಂಡರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹಾಗೆ ಮಾಡುವುದಾದರೆ, ನೀನು ನಮ್ಮವನಲ್ಲ ಎಂದು ಅವನ ಮುಖಕ್ಕೆ ಹೇಳಿದಂತೆಯೇ. ಅವನಾಗಿ ಒಲ್ಲೆ ಎಂದಿದ್ದಾನೆ, ನೀನು ಮುಚ್ಚುತ್ತಿದ್ದೀ ಎಂದುಕೊಂಡೆ. ನಾಲ್ಕು ಜನರೆದುರು ಮಾವ ಬರುತ್ತಾನೆ ಎಂದು ಹೇಳಿದ ನಾನು ಬಾಯವ್ವನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಈ ಮಾತನ್ನೇ ಹೋದ ಶುಕ್ರವಾರ ಮುತ್ತಪ್ಪನ ಮುಂದೆ ಆಡಿದೆ. ನಮ್ಮ ಓಣಿಯ ಆ ಪಿಂಚಣಿ ಹವಾಲ್ದಾರ ನಿನಗೆ ಗೊತ್ತಲ್ಲ, ಬೇಡವೆಂದರೂ ಕಟ್ಟೆಯ ಮೇಲೆ ಕೂತು ತನ್ನ ಪಲ್ಟಣಿನ ಕಥೆ ಹೇಳುವವ. ಚಹಾ ಕುಡಿಯುತ್ತಿದ್ದವನು ಬಟ್ಟಲು ಕೆಳಗಿಟ್ಟ. "ಅಕ್ಕಾರ, ಸರದಾರನ ಕೈಯಾಗ ಕತ್ತರಿ ಕೊಡಾಕ ಹೊಂಟೀರೇನ್ರಿ?" ಎಂದ. "ಯಾಕ, ಅಂವಗ ಕೈ ಇಲ್ಲೇನ?" ಎಂದೆ. "ನಾ ಅವರ ಸಂಗಾಟ ಪಂಜಾಬದಾಗ ಇದ್ದಾಂವರಿ. ಹುಟ್ಟಿದ ಕೂದಲಕ ಕತ್ತರಿ ಹಚ್ಚೂದಿಲ್ಲ ಅಂತ ದೇವರ ಮುಂದ ಮಾತು ಕೊಟ್ಟಿರತಾರ. ತಮ್ಮದಕ್ಕಷ್ಟ ಅಲ್ಲ, ಮಕ್ಕಳದಕ್ಕೂ ಹಚ್ಚೂದಿಲ್ಲರಿ. ನೀವು ಅಂವಗ ಜೀವಾ ಕೇಳಿದ್ರ ಕೊಟ್ಟಾನು." ಅವನು ಮುಂದೆ ಪಲ್ಟಣಿನ ಕಥೆ ಶುರು ಮಾಡಿದ, ನಾನು ಕೇಳಲಿಲ್ಲ.

ಮಹಡಿಯ ಮೇಲಿನ ಆ ಕೂದಲು ನನ್ನ ಕಣ್ಣ ಮುಂದೆ ಬಂತು. ಅದನ್ನು ದಿನವೂ ನೋಡಿ, ಮುಂಡಾಸಿನ ತುದಿ ಹಿಡಿದು, ಕೊನೆಗೆ ಅವನಿಗೇ ಕತ್ತರಿ ಹಿಡಿ ಎಂದಿದ್ದೆ. ನಮ್ಮಲ್ಲಿ ಜಾವಳ ಎಂದರೆ ಮರ್ಯಾದೆ, ಮಾವನಿಗೆ ಕೊಡುವ ದೊಡ್ಡ ಮರ್ಯಾದೆ. ಆ ಮರ್ಯಾದೆ ಅವನಿಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ತಿಳಿಯದೆ ಕೇಳಿದ್ದು ನನ್ನ ತಪ್ಪಲ್ಲ. ತಿಳಿದೂ ಹೇಳದೆ ಬಾಯಿ ಹೊಲಿದುಕೊಂಡದ್ದು ನಿಮ್ಮಿಬ್ಬರ ತಪ್ಪು, ಗಂಡಂದು ಹೆಚ್ಚು. ಅತ್ತೆಗೆ ಹೇಳಿದರೆ ಸಿಟ್ಟಾಗುತ್ತಾಳೆ ಎಂದು ಹೆದರಿದಿರಿ. ನಾನು ಸಿಟ್ಟಾಗುತ್ತಿದ್ದೆ, ಅದು ಬೇರೆ ಮಾತು. ಆದರೆ ನಮ್ಮ ಅಂಗಳದಲ್ಲಿ ಅಷ್ಟು ಜನರೆದುರು ಆ ಹುಡುಗ ತೊಡೆಯ ಮೇಲೆ ಕೂಸು, ಕೈಯಲ್ಲಿ ಕತ್ತರಿ ಹಿಡಿದುಕೊಂಡು, ನನ್ನ ಮಾತು ಮೀರಲಾರದೆ, ತನ್ನ ಮಾತು ಮುರಿಯಲಾರದೆ ಕೂತಿದ್ದರೆ ನೀವು ಏನು ಮಾಡುತ್ತಿದ್ದಿರಿ? ಬೂಟು ಹಾಕಿಕೊಂಡು ನಮ್ಮ ಕಣಕ್ಕೆ ಬಾ ಎಂದು ಯಾರಾದರೂ ನನ್ನನ್ನು ಕರೆದರೆ ನಾನು ಸಾಯುವವರೆಗೆ ಹೋಗುವವಳಲ್ಲ. ಅವನ ತಲೆಯೂ ಅವನಿಗೆ ಹಾಗೆಯೇ.

ಬಾಯವ್ವನಿಗೆ ಹೇಗೋ ಇದು ತಿಳಿದು ಮರುದಿನವೇ ಮುರಗೋಡದ ಬಸ್ಸಿನಿಂದ ಇಳಿದಳು. "ನಾ ಮೊದಲ ಅಂದಿರಲಿಲ್ಲೇನ್ರಿ ವೈನಿ, ಅಂವ ಬ್ಯಾರೆ, ನಾವು ಬ್ಯಾರೆ. ಈಗರ ನನ್ನ ಮಗನ್ನ ಕುಂಡ್ರಸ್ರಿ." ನಾನು ಕೇಳಿದೆ: "ಕೂಸು ಕಣ್ಣ ಮ್ಯಾಲ ಮಾಡಿದ ದಿನಾ ನಿನ್ನ ಮಗಾ ಎಲ್ಲಿದ್ದ?" ಅವಳಿಗೆ ಆ ಕಥೆ ಗೊತ್ತಿರಲಿಲ್ಲ. ಕೂರಿಸಿ ಎಲ್ಲ ಹೇಳಿದೆ, ಗಾದಿ ಕಟ್ಟಿದ ಕಾಲು, ನರ್ಸು ಕೇಳಿದ ಮಾತು, ಅವನು ಕೊಟ್ಟ ಉತ್ತರ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ಮತ್ತ ಕತ್ತರಿ ಯಾರ ಹಿಡೀತಾರ್ರಿ?" ಎಂದಳು. ಮಾವ ಯಾರೆಂಬ ಪ್ರಶ್ನೆ ಅಲ್ಲಿಗೆ ಮುಗಿದಿತ್ತು.

ಆದ್ದರಿಂದ ತಿಳಿದಿರು, ದಿನ ಬದಲಾಗಿಲ್ಲ, ಮಾವನೂ ಬದಲಾಗಿಲ್ಲ. ಪಂದ್ಯ ಮುಗಿಸಿಕೊಂಡು ನೀನು, ಗುರುಸೇವಕ ಇಬ್ಬರೂ ಯುಗಾದಿ ಮುಗಿದ ಮೇಲೆ ಬರಬೇಕು. ಮ್ಯಾನೇಜರಬಾಯಿಗೂ, ನನ್ನಿಂದ ಬೈಸಿಕೊಂಡ ಆ ಮಾಲಿಗೂ, ಎರಡೂ ತಂಡದ ಎಲ್ಲ ಮಕ್ಕಳಿಗೂ ನನ್ನ ಕರೆ. ಬಸ್ಸು ತುಂಬಿ ಬರಲಿ. ಹೋಳಿಗೆಗೆ ಹೂರಣ ಕಡಿಮೆಯಾಗುವ ಮನೆ ನಮ್ಮದಲ್ಲ. ಈ ಕ್ಲಬ್ಬು ಎಂಬುದು ಏನೆಂದು ನನಗೆ ಮೊದಲು ತಿಳಿದಿರಲಿಲ್ಲ. ಪಗಾರ ಕೊಟ್ಟು ಆಡಿಸುತ್ತಾರೆ, ಸೋತರೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಅಪ್ಪ ಅವ್ವ ಇಲ್ಲದ ಹುಡುಗಿಯನ್ನು ಒಂದು ಕಡೆ ಅಕ್ಕತಂಗಿಯರು, ಒಂದು ಕಡೆ ಅಣ್ಣತಮ್ಮಂದಿರು ಕೊಟ್ಟು ಬೆಳೆಸಿ ನನ್ನ ಮನೆಗೆ ಕಳಿಸಿದ್ದಾರೆ. ನಮ್ಮ ಮನೆತನ ಯಾರಿಗೂ ಸುಲಭಕ್ಕೆ ಕೈ ಮುಗಿದದ್ದಲ್ಲ. ನಾನು ಕೈ ಮುಗಿಯುತ್ತಿದ್ದೇನೆ, ಹಾಗೆಂದು ಅವರಿಗೆ ಓದಿ ಹೇಳು.

ಮೊಣಕಾಲು ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು. ಸವದತ್ತಿಯ ಎಲ್ಲಮ್ಮ ನಿಮ್ಮೆಲ್ಲರ ಕೈಕಾಲು ಗಟ್ಟಿಯಾಗಿ ಇಡಲಿ, ಎದುರಿನವರ ಚೆಂಡು ಗುರುಸೇವಕನನ್ನು ದಾಟದಿರಲಿ.

ಇತಿ, ನಿನ್ನ ಅತ್ತೆ,
ರಾಚವ್ವ ವೀರಪ್ಪ ದೇಗಾವಿ

ತಾ. ಕ.: ಅಪ್ಪು ಕಿತ್ತೂರಿನ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ, ಲಕೋಟೆ ಅಲ್ಲಿಯೇ ಅಂಚೆಗೆ ಹಾಕುತ್ತಾನೆ. ಮುಖ್ಯವಾದದ್ದನ್ನು ಕೊನೆಗೆ ಉಳಿಸಿದ್ದೇನೆ. ಮೊನ್ನೆ ಸೋಮವಾರ ಬೆಳಿಗ್ಗೆ ಶೀತಲಳ ಕೂದಲು ತೆಗೆಸಿ ಮುಗಿಸಿದ್ದೇನೆ. ಕಣದ ನಡುವೆ ನನ್ನ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಎಳೆಯನ್ನು ನಾನೇ ಕತ್ತರಿಸಿದೆ. ಮುತ್ತೈದೆಯಲ್ಲದವರು ಕತ್ತರಿ ಹಿಡಿಯಬಾರದು ಎಂದು ಬಾಯವ್ವ ತಡೆದಳು. "ನೀ ಸೆರಗ ಒಡ್ಡು, ನನ್ನ ಕೈ ನೋಡಬ್ಯಾಡ" ಎಂದೆ. ಒಡ್ಡಿದಳು. ಉಳಿದದ್ದನ್ನು ಹಡಪದ ಅರ್ಜುನ ತೆಗೆದ, ಕೂಸು ಅಳಲಿಲ್ಲ, ಸ್ಟಿಕ್ಕು ಕೈಯಲ್ಲಿತ್ತು. ನೀನು ಇರಬೇಕಿತ್ತು. ಅದಕ್ಕೇ ಕೂದಲನ್ನು ಹಿತ್ತಾಳೆಯ ಡಬ್ಬಿಯಲ್ಲಿ ಇಟ್ಟಿದ್ದೇನೆ, ಮಲಪ್ರಭೆಗೆ ಬಿಡುವ ಕೈ ನಿನ್ನದು. ಇನ್ನು ಗುರುಸೇವಕನಿಗೆ ಕತ್ತರಿಯ ಕೆಲಸವಿಲ್ಲ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆಗೆ ಹೊದಿಸುವುದಷ್ಟೇ ಉಳಿದಿದೆ, ಟೋಪಿ ತರಬೇಡವೆಂದು ಹೇಳು. ನಿನ್ನ ಮಾವನವರ ಜರಿ ಅಂಚಿನ ರುಮಾಲನ್ನು ಪೆಟ್ಟಿಗೆಯಿಂದ ತೆಗೆದು, ಕೂಸಿನ ತಲೆಗೆ ಆಗುವಷ್ಟು ಹರಿದು ಬೇರೆ ಮಾಡಿದ್ದೇನೆ. ಉಳಿದ ಉದ್ದವೆಲ್ಲ ಗುರುಸೇವಕನಿಗೆ ನಾವು ಕೊಡುವ ಆಹೇರಿ. ಹೆಣ್ಣುಕೂಸಿಗೆ ರುಮಾಲೇ ಎಂದು ಬಾಯವ್ವ ಕೇಳಿದಳು, ನಿಮ್ಮ ಕ್ಲಬ್ಬಿನಲ್ಲಿ ಅಂಗಿ ಎಲ್ಲರಿಗೂ ಒಂದೇ ಇರುವುದನ್ನು ಹೇಳಿದೆ. ನಿನ್ನೆ ಎರಡೂ ತುಂಡಿಗೆ ಗಂಜಿ ಹಾಕಿ ಒಣಗಿಸಿದ್ದೇನೆ. ಮಡಿಕೆ ಹಾಕಿಲ್ಲ. ಅವನು ಬಂದ ಮೇಲೆ ಒಂದು ತುದಿ ಅವನು ಹಿಡಿಯಲಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ.